ಹತ್ತು ಮನೆಗೆ ಒಂದು ಫೋನು: ಬಾಗಿಲು ಮುಚ್ಚಿದ ವರ್ಷ ಸಭೆ ಉಳಿಸಿಕೊಂಡ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನಾನು ಪಾಸ್ಟರ್ ಅಲ್ಲ. ನಮ್ಮ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಖಜಾಂಚಿ. ಪ್ರಸಂಗ ಮಾಡೋಕೆ ಬರಲ್ಲ, ಲೆಕ್ಕ ಬರೆಯೋಕೆ ಬರುತ್ತದೆ. ಹಾಗಾಗಿ ಇದರಲ್ಲಿ ಉಪದೇಶ ಕಮ್ಮಿ, ಲೆಕ್ಕ ಜಾಸ್ತಿ.

ಈಗ ಬರೆಯುವುದಕ್ಕೆ ಒಂದು ಕಾರಣ ಇದೆ. 2020ರಲ್ಲಿ "ಇದು ನಡೆಯಲ್ಲ, ಇದರಿಂದ ಸಭೆ ಒಡೆಯುತ್ತೆ" ಎಂದು ಮೇಜು ಗುದ್ದಿದ್ದ ಹಿರಿಯರೊಬ್ಬರು, ಮೊನ್ನೆಯ ಕಮಿಟಿಯಲ್ಲಿ ತಾವೇ ಎದ್ದು, ಹತ್ತು ಮನೆಗೊಬ್ಬರು ವಾರವಾರ ಫೋನ್ ಮಾಡುವ ಅದೇ ಗುಂಪುಗಳನ್ನು ಖಾಯಂ ಮಾಡಬೇಕು ಎಂದರು. ನಾನು ಬಾಯಿ ಮುಚ್ಚಿಕೊಂಡು ನಡಾವಳಿ ಬರೆದುಕೊಂಡೆ. ಆದರೆ ಆ ಸಾಲನ್ನು ಸ್ವಲ್ಪ ದಪ್ಪ ಅಕ್ಷರದಲ್ಲೇ ಬರೆದೆ.

ವಿಶ್ವ ಆರೋಗ್ಯ ಸಂಸ್ಥೆ ಕೋವಿಡನ್ನು ಮಹಾಮಾರಿ ಎಂದು ಹೇಳಿದ್ದು 2020ರ ಮಾರ್ಚ್ 11ಕ್ಕೆ. ಅದಾದ ಎರಡು ವಾರದೊಳಗೆ ನಮ್ಮ ಬಾಗಿಲಿಗೆ ಬೀಗ ಬಿತ್ತು. ನಮ್ಮದು ಸುಮಾರು 110 ಮನೆಗಳ ಸಭೆ. ಈಸ್ಟರ್ ಏಪ್ರಿಲ್ 12ಕ್ಕಿತ್ತು. ಅಷ್ಟರೊಳಗೆ ಎಲ್ಲ ಸರಿಹೋಗುತ್ತೆ ಅಂತ ಹೂವಿಗೆ ಮುಂಗಡ ಕೊಟ್ಟಿದ್ದೆವು. ಅದು ಮೊದಲ ನಷ್ಟ.

ಎರಡನೆಯದು ಕ್ಯಾಮೆರಾ. ಎಲ್ಲರೂ ಲೈವ್ ಮಾಡುತ್ತಿದ್ದಾರೆ, ನಾವೂ ಮಾಡೋಣ ಎಂದಾಯಿತು. ಚಾವಣಿ ರಿಪೇರಿಗೆ ಎತ್ತಿಟ್ಟ ಹಣದಲ್ಲಿ ಅರ್ಧದಷ್ಟು ತೆಗೆದು ಕ್ಯಾಮೆರಾ, ಸ್ಟ್ಯಾಂಡು, ದೀಪ, ಎರಡು ಮೈಕು ತಂದೆವು. ಮೊದಲ ಭಾನುವಾರ 600ಕ್ಕೂ ಹೆಚ್ಚು ವೀಕ್ಷಣೆ ಬಂತು. ನಾವು ಉಬ್ಬಿಹೋದೆವು. "ದೇವರು ಒಂದು ಬಾಗಿಲು ಮುಚ್ಚಿ ಇಡೀ ಲೋಕಾನೇ ತೆರೆದ" ಎಂದು ಒಬ್ಬರು ಸಾಕ್ಷಿಯನ್ನೂ ಹೇಳಿಬಿಟ್ಟರು. ನನಗೆ ಲೆಕ್ಕದ ಚಾಳಿ ಅಲ್ವಾ, ಒಳಗೆ ಹೋಗಿ ನೋಡಿದೆ. ಒಬ್ಬೊಬ್ಬರು ನೋಡಿದ್ದು ಸರಾಸರಿ ಮೂರೂವರೆ ನಿಮಿಷ. ನಮ್ಮಲ್ಲಿ ಅಷ್ಟು ಹೊತ್ತಿಗೆ ಪ್ರಕಟಣೆಗಳೇ ಮುಗಿದಿರುವುದಿಲ್ಲ. ಏಳನೇ ಭಾನುವಾರ ವೀಕ್ಷಣೆ ನಲವತ್ತಕ್ಕೆ ಇಳಿಯಿತು, ಅದರಲ್ಲಿ ಎರಡು ನನ್ನವೇ. ಕೊನೆಗೆ ಕ್ಯಾಮೆರಾ ಮಾರಿದಾಗ ಕೊಟ್ಟ ದುಡ್ಡಿನ ಅರ್ಧವೂ ಬರಲಿಲ್ಲ.

ವಿಡಿಯೋ ಮೀಟಿಂಗಿನಲ್ಲಿ ಎಲ್ಲರೂ ಸೇರಿ ಕೀರ್ತನೆ ಹಾಡಿದ್ದನ್ನು ಯಾರೂ ನೆನಪಿಸಬೇಡಿ. ಒಬ್ಬರು ಎರಡನೇ ಚರಣದಲ್ಲಿದ್ದರು, ಇನ್ನೊಬ್ಬರು ಮೊದಲ ಸಾಲಿನಲ್ಲಿ, ಮಧ್ಯೆ ಯಾರ ಮನೆಯದೋ ಕುಕ್ಕರ್ ಕೂಗುತ್ತಿತ್ತು. ವಾಟ್ಸಾಪ್ ಗುಂಪಂತೂ ಇನ್ನೂ ಕೆಟ್ಟಿತು. ಮೂರು ದಿನದಲ್ಲಿ ಪ್ರಾರ್ಥನೆ ವಿನಂತಿಗಳು ಕೆಳಗೆ ಹೋಗಿ, ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ, ಅದರಲ್ಲಿ ಬರುವ ಮೃಗದ ಸಂಖ್ಯೆ 666, ಲಸಿಕೆ, ಇಂಥ ಫಾರ್ವರ್ಡುಗಳೇ ತುಂಬಿದವು. ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿದೆ. ನನ್ನ ಮೇಲೆ ಕೋಪ ಮಾಡಿಕೊಂಡವರ ಪಟ್ಟಿ ಅಲ್ಲಿಂದ ಶುರು.

ಕಮಿಟಿಯೊಳಗಿನ ಜಗಳ ಬೇರೆ. ಬಾಗಿಲು ಮುಚ್ಚಿದ್ದೇ ಅಪನಂಬಿಕೆ ಎಂದು ಒಬ್ಬರು ಹಟ ಹಿಡಿದರು. ಅವರಿಗೆ ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ ಅಂದರೆ ಭಕ್ತಿ. 1527ರಲ್ಲಿ ಜರ್ಮನಿಯ ವಿಟ್ಟನ್‌ಬರ್ಗ್‌ಗೆ ಪ್ಲೇಗ್ ಬಂದಾಗ ಲೂಥರ್ ಊರು ಬಿಡಲಿಲ್ಲ, ರೋಗಿಗಳ ಜೊತೆ ಉಳಿದರು. ಅದು ಅವರಿಗೆ ಗೊತ್ತಿತ್ತು. ಅದೇ ಲೂಥರ್ ಆಗ ಬರೆದ ಪತ್ರದಲ್ಲಿ ಮನೆಗೆ ಹೊಗೆ ಹಾಕುತ್ತೇನೆ, ಔಷಧಿ ತಗೊಳ್ಳುತ್ತೇನೆ, ನಾನು ಬೇಕಿಲ್ಲದ ಕಡೆ ಹೋಗಿ ನನ್ನಿಂದ ಇನ್ನೊಬ್ಬರಿಗೆ ಸೋಂಕು ತಗಲಿಸುವುದಿಲ್ಲ ಎಂದದ್ದು ಗೊತ್ತಿರಲಿಲ್ಲ. ಓದಿಸಿದೆ. ಸಭೆಯಲ್ಲಿ ಹಾಡುವ ಕ್ವೈರ್‌ನವರನ್ನು ಒಪ್ಪಿಸಲು ಬೇರೆ ಉದಾಹರಣೆ ಬೇಕಾಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2020ರ ಮಾರ್ಚ್ 10ರಂದು ಒಂದು ಗಾಯನ ತಂಡ ಅಭ್ಯಾಸಕ್ಕೆ ಸೇರಿತ್ತು. ಬಂದ 61 ಜನರಲ್ಲಿ 53 ಜನಕ್ಕೆ ಕಾಯಿಲೆ ತಗಲಿತು, ಇಬ್ಬರು ತೀರಿಕೊಂಡರು. ಇದನ್ನು ಹೇಳಿದ ಮೇಲೆ ಅಭ್ಯಾಸದ ಮಾತು ನಿಂತಿತು.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಐದನೇ ವಾರವೋ ಏನೋ, ಚಂದಾ ಪುಸ್ತಕದಲ್ಲಿ ಒಂದು ಅನುಮಾನ ಬಂದು ಒಬ್ಬ ವಿಧವೆ ತಾಯಿಗೆ ಫೋನ್ ಮಾಡಿದೆ. ಎರಡು ನಿಮಿಷದ ಕೆಲಸ. ಫೋನ್ ಇಟ್ಟಾಗ ಮುಕ್ಕಾಲು ಗಂಟೆ ಆಗಿತ್ತು. "ನನ್ನ ಹೆಸರು ಹಿಡಿದು ಯಾರಾದರೂ ಕರೆದು ಒಂದು ತಿಂಗಳಾಯ್ತಪ್ಪ" ಎಂದರು. ಅವರ ಮನೆಯಲ್ಲಿ ನಮ್ಮ ಲೈವ್ ಪ್ರತಿ ಭಾನುವಾರ ಓಡುತ್ತಿತ್ತು. ಅಂದರೆ ನಾವು ಎಣಿಸಿದ ಆ ವೀಕ್ಷಣೆಗಳಲ್ಲಿ ಅವರದೂ ಒಂದು.

ಆ ರಾತ್ರಿಯೇ ಸದಸ್ಯರ ರಿಜಿಸ್ಟರ್ ತೆಗೆದು ಕೂತೆ. ಲೆಕ್ಕ ಸುಲಭ. 110 ಮನೆ, 11 ಗುಂಪು, ಗುಂಪಿಗೊಬ್ಬ ಕರೆಯುವವರು. ಪ್ರತಿ ಮನೆಗೂ ವಾರಕ್ಕೊಮ್ಮೆ ಬೇರೆ ಬೇರೆಯಾಗಿ ಕರೆ, ಹತ್ತು ನಿಮಿಷ. ಹೇಗಿದ್ದೀರಿ, ಒಂದು ಕೀರ್ತನೆ, ಒಂದು ಪ್ರಾರ್ಥನೆ, ಏನಾದರೂ ಬೇಕಾ. ಅಷ್ಟೇ. ಕಾನ್ಫರೆನ್ಸ್ ಕಾಲ್ ಇಲ್ಲ, ವಿಡಿಯೋ ಇಲ್ಲ. ಇನ್ನೊಂದು ನಿಯಮ ಹಾಕಿದೆ: ಫೋನಿನಲ್ಲಿ ಕಾಣಿಕೆಯ ಮಾತು ಎತ್ತಲೇಬಾರದು. ಖಜಾಂಚಿಯೇ ಹೀಗೆ ಹೇಳಿದ್ದಕ್ಕೆ ಕಮಿಟಿ ನಕ್ಕಿತು.

ಇದು ನನ್ನ ಸ್ವಂತ ಬುದ್ಧಿ ಅಂತ ಒಂದೆರಡು ತಿಂಗಳು ಬೀಗುತ್ತಿದ್ದೆ. ಆಮೇಲೆ ಪಾಸ್ಟರ್ ತೋರಿಸಿದರು, 1742ರಲ್ಲೇ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಮೆಥಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿಯವರ ಜನ ಹೆಚ್ಚುಕಮ್ಮಿ ಇದನ್ನೇ ಮಾಡಿದ್ದರು. ಅಲ್ಲಿ ಶುರುವಾದದ್ದೂ ದುಡ್ಡಿನ ಲೆಕ್ಕದಿಂದಲೇ. ಕಟ್ಟಡದ ಸಾಲ ತೀರಿಸಲು ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಒಬ್ಬ ಕ್ಯಾಪ್ಟನ್ ಸೂಚಿಸಿದ. ಬಡವರಿಗೆ ಆಗಲ್ಲ ಎಂದರು. "ಹಾಗಾದರೆ ಕಡುಬಡವರು ಹನ್ನೊಂದು ಜನರನ್ನು ನನಗೆ ಕೊಡಿ, ಅವರ ಕೈಲಿ ಆಗದಿದ್ದರೆ ನಾನೇ ಕೊಡುತ್ತೇನೆ" ಎಂದನಂತೆ. ದುಡ್ಡಿಗೆಂದು ಮನೆಮನೆ ಹೋದವರಿಗೆ ಜನರ ಬದುಕು ಕಾಣಿಸಿತು, ಅಲ್ಲಿಂದ ಅವರ 'ಕ್ಲಾಸ್' ಎಂಬ ಸಣ್ಣ ಗುಂಪುಗಳ ಕೂಟಗಳು ಹುಟ್ಟಿದವು. ನಾವು ತಿರುವುಮುರುವು ಮಾಡಿದೆವು. ದುಡ್ಡು ಕೇಳದೆ ಹೋದೆವು.

ಕಾಗದದ ಮೇಲೆ ಚಂದ ಕಂಡದ್ದು ಮೊದಲ ತಿಂಗಳಲ್ಲೇ ಕುಸಿಯಿತು. ಬೀದಿವಾರು ಹಂಚಿದ್ದೆ. ಪಕ್ಕದ ಮನೆಯವರಿಗೆ ಯಾರೂ ಕಷ್ಟ ಹೇಳಿಕೊಳ್ಳಲ್ಲ, ಅದು ನನಗೆ ಹೊಳೆಯಲೇ ಇಲ್ಲ. ಎರಡನೇ ಸಲ ರಿಜಿಸ್ಟರಿನ ಅಕ್ಷರಮಾಲೆ ಪ್ರಕಾರ ಹಂಚಿದೆ. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಗುಂಪಿಗೆ ಬಿದ್ದರು. ಮೂರನೇ ಸಲ ಕೂಡಿಬಂತು. ಅದನ್ನು ಹೇಗೆ ಮಾಡಿದೆ ಅಂತ ಪೂರ್ತಿ ಹೇಳಲ್ಲ, ಕ್ಷಮಿಸಿ. ಒಂದು ಸುಳಿವು ಕೊಡುತ್ತೇನೆ: ಸದಸ್ಯರ ರಿಜಿಸ್ಟರ್ ಪಕ್ಕಕ್ಕಿಟ್ಟು ಬೇರೊಂದು ಹಳೆಯ ಪಟ್ಟಿ ಹುಡುಕಿದೆ. ಅದು ನಿಮ್ಮ ಕಪಾಟಿನಲ್ಲೂ ಇದೆ.

ಕರೆಯುವವರನ್ನು ಆರಿಸಿದ್ದರಲ್ಲೂ ಎಡವಿದೆ. ಚೆನ್ನಾಗಿ ಮಾತಾಡುವವರನ್ನು ಹಾಕಿದೆ. ಅವರು ಚೆನ್ನಾಗಿಯೇ ಮಾತಾಡಿದರು, ಆ ಕಡೆಯವರಿಗೆ ಬಾಯಿ ತೆರೆಯಲು ಬಿಡಲಿಲ್ಲ. ನಮ್ಮಲ್ಲಿ ಅತ್ಯುತ್ತಮ ಕೆಲಸ ಮಾಡಿದ್ದು ಹದಿನೈದು ವರ್ಷ ಕಮಿಟಿಯಲ್ಲಿ ಒಂದು ಮಾತೂ ಆಡದ ಒಬ್ಬರು ಮತ್ತು ಇಬ್ಬರು ಸಂಡೇ ಸ್ಕೂಲ್ ಟೀಚರುಗಳು. ಇನ್ನೊಬ್ಬರು ಯೇಸುವಿನ ಎರಡನೇ ಬರೋಣಕ್ಕೆ ತಾರೀಖನ್ನೇ ಹೇಳತೊಡಗಿದರು. ಆ ದಿನವಾಗಲಿ ಗಳಿಗೆಯಾಗಲಿ ಯಾರಿಗೂ ಗೊತ್ತಿಲ್ಲ ಅಂತ ಸುವಾರ್ತೆಯಲ್ಲೇ ಇದೆ, ಆದರೆ ಇವರಿಗೆ ಗೊತ್ತಿತ್ತು. ತೆಗೆದೆವು. ಅವರ ಹಿಂದೆ ಎರಡು ಮನೆ ಹೋದವು, ಇವತ್ತಿಗೂ ವಾಪಸ್ ಬಂದಿಲ್ಲ. ಸಭೆ ಒಡೆಯುತ್ತೆ ಎಂದವರ ಮಾತು ಆ ಮಟ್ಟಿಗೆ ನಿಜವಾಯಿತು. ಆಮೇಲೆ ಆರು ತಿಂಗಳಿಗೊಮ್ಮೆ ಕರೆಯುವವರನ್ನು ಬದಲಿಸುವ ಪದ್ಧತಿ ತಂದೆವು.

ನನ್ನದೇ ದೊಡ್ಡ ತಪ್ಪು ಕೀರ್ತನೆಗಳದ್ದು. ಎಲ್ಲರಿಗೂ ಬೈಬಲಿನ 91ನೇ ಕೀರ್ತನೆ ಓದಿ ಎಂದಿದ್ದೆ. ಉಪದ್ರವ ಗುಡಾರದ ಹತ್ತಿರವೂ ಬಾರದು ಎಂಬ ಮಾತು ಅದರಲ್ಲಿದೆ. ಒಂದು ಮನೆಗೆ ಬುಧವಾರ ಅದನ್ನು ಓದಿದೆವು. ಶುಕ್ರವಾರ ಆ ಮನೆಯ ಯಜಮಾನರನ್ನು ಆಸ್ಪತ್ರೆಗೆ ಸೇರಿಸಿದರು. ಮುಂದಿನ ಬುಧವಾರ ಫೋನ್ ಎತ್ತಲಿಲ್ಲ, ಅದರ ಮುಂದಿನ ಬುಧವಾರವೂ ಇಲ್ಲ. ದೇವಾಲಯದ ತುದಿಯಲ್ಲಿ ನಿಲ್ಲಿಸಿ ಸೈತಾನ ಯೇಸುವಿಗೆ ಎತ್ತಿ ಹೇಳಿದ ಕೀರ್ತನೆಯೂ ಇದೇ 91 ಅನ್ನೋದು ನನಗೆ ಹೊಳೆದದ್ದು ಆಗ. ಆಮೇಲೆ 13ಕ್ಕೆ ಬದಲಾಯಿಸಿದೆವು. ಆರೇ ವಚನ, ಮೊದಲ ಎರಡರಲ್ಲೇ "ಎಲ್ಲಿಯವರೆಗೆ" ಎಂದು ನಾಲ್ಕು ಸಲ ಕೇಳುತ್ತದೆ. ತೀರಾ ಕುಗ್ಗಿದವರಿಗೆ 88. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಯಲ್ಲಿಲ್ಲ. ಇದನ್ನು ಓದಿದರೆ ಜನ ಇನ್ನೂ ಕುಸಿಯುತ್ತಾರೆ ಎಂದು ಪಾಸ್ಟರ್ ಹೆದರಿದರು. ನಡೆದದ್ದೇ ಬೇರೆ. ಫೋನ್ ಎತ್ತದ ಆ ಮನೆಯಾಕೆಗೆ ಅದನ್ನೇ ಓದಿದ್ದು, ನಾಲ್ಕನೇ ವಾರ. "ಇದು ಬೈಬಲಿನಲ್ಲಿ ಇದೆಯಾ?" ಎಂದು ಕೇಳಿ, ಇನ್ನೊಂದು ಸಲ ಓದಿಸಿಕೊಂಡರು.

2021ರಲ್ಲಿ ಸಾವುಗಳು ಹತ್ತಿರ ಬಂದವು. ಎರಡು ತಿಂಗಳಲ್ಲಿ ಎಂಟೋ ಒಂಬತ್ತೋ. ಕರೆಯುವವರೇ ಸೋತುಹೋದರು. ಒಬ್ಬರು ನನಗೆ ಫೋನ್ ಮಾಡಿ ಏನೂ ಮಾತಾಡದೆ ಐದು ನಿಮಿಷ ಅತ್ತು ಇಟ್ಟರು. ಕರೆಯುವವರನ್ನು ಯಾರು ಕರೆಯುತ್ತಾರೆ? ಆ ಪ್ರಶ್ನೆ ನನಗೆ ಮೊದಲೇ ಬರಬೇಕಿತ್ತು. ಬೈಬಲಿನಲ್ಲಿ ಮಾವ ಇತ್ರೋನನು ಮೋಶೆಗೆ ಹತ್ತು ಜನಕ್ಕೊಬ್ಬ ಅಧಿಪತಿಯನ್ನು ಇಡು ಎಂದದ್ದು ಮೋಶೆ ಬಳಲಿ ಹೋಗುತ್ತಾನೆ ಅಂತ ತಾನೇ? ಆವತ್ತಿನಿಂದ ಪಾಸ್ಟರ್‌ಗೆ ಉಳಿದ ಕರೆಗಳನ್ನೆಲ್ಲ ಬಿಡಿಸಿ, ಈ ಹನ್ನೊಂದು ಜನರನ್ನು ಮಾತ್ರ ಕೊಟ್ಟೆವು. ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದಿದೆ. ಅದು ಅವರದು, ನಾನು ಇಲ್ಲಿ ಬರೆಯುವುದು ಸರಿಯಲ್ಲ.

ಪ್ರಭುಭೋಜನವನ್ನು, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ ದ್ರಾಕ್ಷಾರಸವನ್ನು, ಮನೆಯಲ್ಲೇ ತಗೊಳ್ಳಬಹುದಾ ಎಂಬ ಚರ್ಚೆ ನಾಲ್ಕು ಕಮಿಟಿ ತಿಂದಿತು. ಅದನ್ನು ಬಿಡಿ.

ಇನ್ನು ದುಡ್ಡು. ಮೊದಲ ತಿಂಗಳು ಕಾಣಿಕೆ ಹಿಂದಿನ ಮೂರನೇ ಒಂದು ಭಾಗಕ್ಕೆ ಇಳಿಯಿತು, ಎರಡನೇ ತಿಂಗಳು ಇನ್ನೂ ಕೆಳಗೆ. ಪಾಸ್ಟರ್ ಸಂಬಳ ಅರ್ಧ ಮಾಡೋಣ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಅದರ ಬದಲು ಸಭೆಯ ಮೇಲಿದ್ದ ಸಾಲದ ಕಂತು ಮುಂದೂಡಿಸಿದೆ, ಬಡ್ಡಿ ಬೆಳೆಯಿತು, ಬೆಳೆಯಲಿ ಎಂದೆ. ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದ 16ನೇ ಅಧ್ಯಾಯದಲ್ಲಿ ಪೌಲ ಒಂದು ಮಾತು ಹೇಳುತ್ತಾನೆ: ವಾರದ ಮೊದಲ ದಿನ ಪ್ರತಿಯೊಬ್ಬನೂ ತನಗೆ ಬಂದದ್ದಕ್ಕೆ ತಕ್ಕಂತೆ ತನ್ನಲ್ಲೇ ಎತ್ತಿಡಲಿ. ಮನೆಗೊಂದು ಸಣ್ಣ ಡಬ್ಬಿ ಕಳಿಸಿದೆವು, ಮೇಲೆ ಏನೂ ಬರೆಯಲಿಲ್ಲ. ಜೊತೆಗೆ ಪ್ರತಿ ತಿಂಗಳು ಪೂರ್ತಿ ಲೆಕ್ಕವನ್ನು ಒಂದು ಹಾಳೆಯಲ್ಲಿ ಎಲ್ಲ ಮನೆಗೂ ಕಳಿಸಿದೆ. ಕ್ಯಾಮೆರಾ ನಷ್ಟ, ಹೂವಿನ ಮುಂಗಡ, ಬೆಳೆದ ಬಡ್ಡಿ, ಒಂದನ್ನೂ ಮುಚ್ಚಿಡಲಿಲ್ಲ. ಸಭೆಯ ಮಾನ ಹರಾಜು ಹಾಕ್ತೀಯಾ ಎಂದು ಬೈಸಿಕೊಂಡೆ. ಒಟ್ಟು ಕಾಣಿಕೆಯಲ್ಲಿ ಐದನೇ ಒಂದು ಭಾಗದಷ್ಟು ಒಬ್ಬರೇ ಕೊಡುತ್ತಿದ್ದರು, ಅವರು ಆ ಹಾಳೆ ನೋಡಿ ಕೊಡೋದನ್ನೇ ನಿಲ್ಲಿಸಿದರು.

ಆ ವಾರ ನಿದ್ದೆ ಬರಲಿಲ್ಲ, ಸುಳ್ಳು ಹೇಳಲ್ಲ. ಆದರೆ ಆರನೇ ತಿಂಗಳಿಗೆ ಕಾಣಿಕೆ ಶೇಕಡ 60ರ ಹತ್ತಿರ ಬಂತು, ವರ್ಷದ ಕೊನೆಗೆ 90. ಎರಡನೇ ವರ್ಷ ಹಳೆಯ ಮಟ್ಟವನ್ನು ಸ್ವಲ್ಪ ದಾಟಿತು. ನನಗೆ ಅದಕ್ಕಿಂತ ಇಷ್ಟವಾದ ಅಂಕಿ ಬೇರೆ. ಮೊದಲು ತಪ್ಪದೆ ಕೊಡುತ್ತಿದ್ದವು 45 ಮನೆ ಇರಬಹುದು. ಈಗ 80 ಹತ್ತಿರ.

ಇನ್ನೊಂದು ಪ್ರಯೋಗ ಕಮಿಟಿಗೆ ಸುತರಾಂ ಇಷ್ಟವಿರಲಿಲ್ಲ. ಪ್ರತಿ ಕರೆಯುವವರ ಕೈಗೂ ಒಂದು ಸಣ್ಣ ಮೊತ್ತ ಕೊಟ್ಟೆ. ಔಷಧಿ, ಬಾಡಿಗೆ, ಫೋನ್ ರೀಚಾರ್ಜು, ಏನಕ್ಕಾದರೂ ಸರಿ. ಕಮಿಟಿ ಅನುಮತಿ ಬೇಡ, ರಶೀದಿ ಬೇಡ. ಖಜಾಂಚಿಗೆ ತಲೆ ಕೆಟ್ಟಿದೆ ಎಂದರು. ವರ್ಷದ ಕೊನೆಗೆ ಹನ್ನೊಂದರಲ್ಲಿ ಹತ್ತು ಲೆಕ್ಕ ತಾಳೆಯಾದವು. ಹನ್ನೊಂದನೆಯದು ಎಲ್ಲಿಗೆ ಹೋಯಿತು ಅಂತ ನನಗೆ ಗೊತ್ತು. ಅದು ನನ್ನಲ್ಲೇ ಇರಲಿ.

ಕಾರುಗಳಲ್ಲೇ ಕೂತು ಆರಾಧನೆ ಮಾಡುವ ಪ್ರಯೋಗವನ್ನೂ ಒಮ್ಮೆ ಮಾಡಿದೆವು. ಕಾರಿಲ್ಲದವರು ದೂರದಲ್ಲಿ ನಿಂತು ನೋಡಿದರು. ಅದನ್ನು ಮತ್ತೆ ಮಾಡಲಿಲ್ಲ. ಸಂಡೇ ಸ್ಕೂಲ್ ಮಕ್ಕಳ ಕೈಲಿ ಹಿರಿಯರಿಗೆ ಕಾಗದ ಬರೆಸಿದ್ದು ಮಾತ್ರ ಚೆನ್ನಾಗಿ ನಡೆಯಿತು. ಒಂದು ಮಗು ನನಗೂ ಬರೆದಿತ್ತು: "ಅಂಕಲ್, ನೀವು ದುಡ್ಡು ಎಣಿಸುವಾಗ ನಗಬೇಕು."

ನನ್ನ ಗುಂಪಿನಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜ ಇದ್ದರು. ಒಬ್ಬರೇ. ಮಾತು ಬಹಳ ಕಮ್ಮಿ, ಕೀರ್ತನೆ ಓದಿದರೆ ಹೂಂ ಅನ್ನೋರು. ಹಾಗಾಗಿ ಪ್ರತಿ ಸಲ ಕರ್ತನ ಪ್ರಾರ್ಥನೆಯನ್ನು ಇಬ್ಬರೂ ಸೇರಿ ಹೇಳುತ್ತಿದ್ದೆವು. ನಾನು "ನಿನ್ನ ರಾಜ್ಯವು ಬರಲಿ" ಎನ್ನುವಾಗ ಅವರಿನ್ನೂ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂಬಲ್ಲೇ ಇರುತ್ತಿದ್ದರು. ಲೈನ್ ನಿಧಾನ ಅಂದುಕೊಂಡೆ. ಸಿಮ್ ಬದಲಿಸಿದೆ, ಫೋನ್ ಬದಲಿಸಿದೆ, ಕಿಟಕಿ ಹತ್ತಿರ ನಿಂತು ಮಾತಾಡಿ ಅಂತ ಅವರಿಗೂ ಹೇಳಿದೆ. ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ನಾನೇ ಒಂದೊಂದು ಸಾಲು ಹೇಳಿ, ಅವರದು ಬರುವ ತನಕ ಕಾಯುವುದನ್ನು ಕಲಿತೆ. ವಾರಗಟ್ಟಲೆ ಹಾಗೇ ನಡೆಯಿತು.

ಬಾಗಿಲು ತೆರೆದ ಮೊದಲ ಭಾನುವಾರ ಎಪ್ಪತ್ತೆಂಬತ್ತು ಜನ ಬಂದಿದ್ದರು. ಅಜ್ಜ ಮಾಸ್ಕ್ ಹಾಕಿಕೊಂಡು ನನ್ನ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಕರ್ತನ ಪ್ರಾರ್ಥನೆ ಶುರುವಾಯಿತು, ಎಲ್ಲರೂ ಆಮೆನ್ ಎಂದು ಕೂತರು. ಅಜ್ಜ ಇನ್ನೂ ನಿಂತೇ ಇದ್ದರು, ಒಂದು ಸಾಲು ಹಿಂದೆ. ಲೈನಿನ ತಪ್ಪು ಏನೂ ಇರಲಿಲ್ಲ. ನಾನು ಮತ್ತೆ ಎದ್ದು ನಿಂತೆ.