ಎದಿ ಗಂಟಿನ ಬಯಾಪ್ಸಿ: ಚಾಕು ಹಾಕೋಕಿಂತ ಮೊದಲ ಏನ್ ಮಾಡ್ಬೇಕು, ರಿಪೋರ್ಟ್ ಹ್ಯಾಂಗ ಓದ್ಬೇಕು

ಎದಿಯಾಗ ಗಂಟು ಕೈಗೆ ಹತ್ತಿದ್ರೂ ನಮ್ಮ ಕಲಬುರಗಿ ಕಡಿ ಭಾಳ ಮಂದಿ ಹೆಣ್ಮಕ್ಳು "ನೋವಿಲ್ಲಲ್ಲ, ಇರ್ಲಿ ಬಿಡು" ಅಂತ ತಿಂಗಳಗಟ್ಲೆ ಮುಚ್ಚಿಟ್ಕೊಂಡು ಕೂಡ್ತಾರ. ಆದ್ರ ಕ್ಯಾನ್ಸರ್ ಗಂಟು ಶುರುವಿನಾಗ ಬಹುತೇಕ ನೋಯೋದೇ ಇಲ್ಲ. ಮುಟ್ಟಿನ ಮುಂಚೆ ಎರಡೂ ಕಡಿ ಬಿಗದು ನೋಯೋದು ಹೆಚ್ಚಾಗಿ ಹಾರ್ಮೋನಿನ ಸಾದಾ ಬದಲಾವಣಿ. ಹಂಗಂತ ನೋವಿದ್ರ ಕ್ಯಾನ್ಸರ್ ಅಲ್ಲ ಅಂತನೂ ಹೇಳ್ಲಿಕ್ಕ ಬರಲ್ಲ, ಅದಕ್ಕ ಹೊಸಾ ಗಂಟು ಯಾವುದೇ ಇರ್ಲಿ ಮೂರು ಕೆಲಸ ಆಗ್ಲೇಬೇಕು: ಡಾಕ್ಟರ್ ಕೈಯಿಂದ ನೋಡೋದು, ಸ್ಕ್ಯಾನಿಂಗ್ ಇಲ್ಲಾ ಮ್ಯಾಮೋಗ್ರಾಂ (ಎದಿ ಗಂಟು ನೋಡೋ ಎಕ್ಸ್-ರೇ), ಆಮ್ಯಾಲ ಸೂಜಿ ಪರೀಕ್ಷಾ, ಅಂದ್ರ ಗಂಟಿನ ಸೆಲ್ ಇಲ್ಲಾ ತುಣುಕು ತೆಗೆದು ಲ್ಯಾಬಿನಾಗ ನೋಡೋದು. ಹರೇದ ಹುಡುಗಿಯರಿಗೆ ಮೊದಲ ಅಲ್ಟ್ರಾಸೌಂಡ್, ನಲ್ವತ್ತು ದಾಟಿದವರಿಗೆ ಮ್ಯಾಮೋಗ್ರಾಂ ಸೈತ ಬೇಕು. ಕಲಬುರಗಿಯಾಗ ಜಿಮ್ಸ್ ಸರ್ಕಾರಿ ದವಾಖಾನಿ ಅದ, ಕಿದ್ವಾಯಿಯವರ ಕ್ಯಾನ್ಸರ್ ಸೆಂಟರ್ ಅದ, ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್, ಅಂದ್ರ ಪರೀಕ್ಷಾ ಶುರು ಮಾಡ್ಲಿಕ್ಕ ಯಾರೂ ಬೆಂಗಳೂರಿಗೆ ಓಡ್ಬೇಕಂತಿಲ್ಲ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ಮೊದಲ ದಿನಾನೇ ಸರ್ಕಾರಿ ದವಾಖಾನ್ಯಾಗ ಕೇಳ್ರಿ.

"ಸೂಜಿ ಚುಚ್ಚಿದ್ರ ಹರಡ್ತದ" ಅಂತ ಹೆದರಸೋರು ಪ್ರತಿ ಊರಾಗೂ ಇದ್ದಾರ. ಅದನ್ನ ನಂಬಿ ಸೂಜಿ ಪರೀಕ್ಷಾ ಬಿಡಬ್ಯಾಡ್ರಿ, ಜಗತ್ತಿನಾಗ ಎಲ್ಲಾ ಕಡಿ ಟ್ರೀಟ್‌ಮೆಂಟ್ ಶುರು ಆಗೋದೇ ಈ ಸೂಜಿಯಿಂದ. ಖರೇ ನುಕ್ಸಾನ ಆಗೋದು ಉಲ್ಟಾ ಮಾಡಿದಾಗ, ಅಂದ್ರ ಏನು ಗಂಟು ಅಂತ ಗೊತ್ತಿಲ್ಲದೇ ಸಣ್ಣ ನರ್ಸಿಂಗ್ ಹೋಮಿನಾಗ ಕೊಯ್ದು ತೆಗೆದು, ಆ ತುಣುಕು ಲ್ಯಾಬಿಗೂ ಕಳಿಸದೇ ಚೆಲ್ಲಿಬಿಟ್ರ, ಮುಂದ ಅದು ಕ್ಯಾನ್ಸರ್ ಅಂತ ಗೊತ್ತಾದ್ರೂ ಎಷ್ಟು ದೊಡ್ಡದಿತ್ತು, ಅಂಚಿನಾಗ ಉಳದದೋ ಇಲ್ಲೋ, ಹಾರ್ಮೋನ್ ರಿಸೆಪ್ಟರ್ (ಸೆಲ್ಲಿನಾಗ ಹಾರ್ಮೋನ್ ಹಿಡಿಯೋ ಕೊಂಡಿ) ಏನಿತ್ತು ಯಾವುದೂ ಸಿಗಲ್ಲ.

ಸೂಜಿಯಾಗ ಎರಡು ನಮೂನಿ. ಎಫ್‌ಎನ್‌ಎಸಿ ಅಂದ್ರ ಸಣ್ಣ ಸೂಜಿ, ಬರೇ ಸೆಲ್ ಎಳೀತದ, ಅಗ್ಗ, ಜಲ್ದಿ ರಿಪೋರ್ಟ್ ಬರ್ತದ. ಅದರಾಗ ಸಿ1ರಿಂದ ಸಿ5 ತನಕ ನಂಬರ್ ಕೊಡ್ತಾರ, ಸಿ2 ಅಂದ್ರ ಸಾದಾ, ಸಿ3 ಸಣ್ಣ ಅನುಮಾನ, ಸಿ4 ದೊಡ್ಡ ಅನುಮಾನ, ಸಿ5 ಕ್ಯಾನ್ಸರ್. ಸಿ1 ಬಂದ್ರ ಖುಷಿ ಪಡಬ್ಯಾಡ್ರಿ, ಸಾಕಷ್ಟು ಸೆಲ್ಲೇ ಬಂದಿಲ್ಲ ಅಂತ ಅರ್ಥ, ಮತ್ತೊಮ್ಮೆ ಮಾಡಿಸ್ಲೇಬೇಕು. ಕೋರ್ ಬಯಾಪ್ಸಿ ಅಂದ್ರ ದಪ್ಪ ಸೂಜಿ, ಸಾಮಾನ್ಯವಾಗಿ 14 ಗೇಜ್, ಜಾಗ ಮರಗಟ್ಟಿಸಿ ದಾರದಂಥ ತುಣುಕು ತೆಗೀತಾರ. ಸೆಲ್ ಜೋಡಣಿ ಹ್ಯಾಂಗದ ಅನ್ನೋದು ಇದರಾಗ ಕಾಣ್ತದ, ಇಆರ್-ಪಿಆರ್ (ಈಸ್ಟ್ರೋಜನ್, ಪ್ರೊಜೆಸ್ಟಿರಾನ್ ಹಾರ್ಮೋನಿನ ರಿಸೆಪ್ಟರ್) ಟೆಸ್ಟೂ ಇದರ ಮ್ಯಾಲೇ ಆಗ್ತದ, ಅದಕ್ಕ ಅನುಮಾನ ಇದ್ದ ಗಂಟಿಗೆ ಕೋರೇ ಮಾಡ್ರಿ ಅಂತ ನೇರವಾಗಿ ಕೇಳ್ರಿ. ಇನ್ನೊಂದು ಮಾತು, ಸ್ಕ್ಯಾನಿಂಗ್‌ನಾಗ ಬೈರಾಡ್ಸ್ 5 (ಕ್ಯಾನ್ಸರ್ ಅನುಮಾನ ಭಾಳ ಹೆಚ್ಚು) ಅಂತ ಬರದು ಸೂಜಿಯಾಗ ಮಾತ್ರ ಸಾದಾ ಅಂತ ಬಂದ್ರ ಎರಡೂ ಹೊಂದ್ಲಿಲ್ಲ ಅಂತ ಆಯ್ತು, ಅಲ್ಲಿಗೇ ನಿಲ್ಲಬಾರ್ದು, ಸೂಜಿ ಬ್ಯಾರೆ ಜಾಗಾಕ್ಕ ಹೊಕ್ಕಿರಬಹುದು.

ತುಣುಕಿನ ಡಬ್ಬಿ ಬಗ್ಗೆ ಯಾರೂ ಹೇಳಲ್ಲ, ಆದ್ರ ರಿಪೋರ್ಟ್ ಕೆಡೋದು ಬಹಳ ಸಲ ಇಲ್ಲೇ. ತೆಗೆದ ತುಣುಕು, ಅದನ್ನ ಕೆಡದಂಗ ಕಾಯೋ 10 ಪರ್ಸೆಂಟ್ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಾಗ ಒಂದು ತಾಸಿನೊಳಗ ಬೀಳ್ಬೇಕು, ಸಲೈನೂ ಅಲ್ಲ ಸ್ಪಿರಿಟೂ ಅಲ್ಲ. ತುಣುಕಿಗಿಂತ ಹತ್ತು ಪಟ್ಟಾದ್ರೂ ಫಾರ್ಮಲಿನ್ ಬೇಕು, ಡಬ್ಬಿ ಬಾಯಿ ಅಗಲ ಇರ್ಬೇಕು. ಪೂರ್ತಿ ಎದಿ ತೆಗೆದಿದ್ರ ಅದನ್ನ ಸೀಳಿ ಇಡಬೇಕಾಗ್ತದ, ಇಲ್ಲಂದ್ರ ಫಾರ್ಮಲಿನ್ ಒಳಗ ಇಳಿಯಲ್ಲ, ನಡುವಿನ ಗಂಟು ಕೊಳೀತದ. ನಮ್ಮ ಬ್ಯಾಸಗಿ ಬಿಸಲಾಗ ಸೇಡಂದಿಂದನೋ ಚಿಂಚೋಳಿಯಿಂದನೋ ಡಬ್ಬಿ ಕೈಯಾಗ ಹಿಡ್ಕೊಂಡು ಬಸ್ಸಿನಾಗ ಬರೋರು ಇದನ್ನ ಹೊರಡೋಕಿಂತ ಮೊದಲ ಕೇಳ್ಕೊಬೇಕು. ಫಾರ್ಮಲಿನ್‌ನಾಗ ಕಡಿಮಿ ಅಂದ್ರ 6 ತಾಸು, ಜಾಸ್ತಿ ಅಂದ್ರ 72 ತಾಸು, ಅದರಾಚೆ ಹೋದ್ರ ಹಾರ್ಮೋನ್ ಟೆಸ್ಟ್ ಸುಳ್ಳು ನೆಗೆಟಿವ್ ಬರೋ ಸಾಧ್ಯತೆ ಅದ, ಆಗ ಪೇಷಂಟಿಗೆ ಸಿಗಬೇಕಾದ ಗುಳಗಿ ಸಿಗೋದೇ ಇಲ್ಲ. ಡಬ್ಬಿ ಮ್ಯಾಲ ಹೆಸರು, ವಯಸ್ಸು, ಬಲ-ಎಡ, ತೆಗೆದ ಟೈಮು ಬರದದೇನು ನೋಡ್ರಿ.

ಇನ್ನ ರಿಪೋರ್ಟ್. ಫೈಬ್ರೊಅಡಿನೋಮಾ ಅಂತ ಇದ್ರ ಹೆದರಬ್ಯಾಡ್ರಿ, ಹರೇದವರಾಗ ಎಲ್ಲಕ್ಕಿಂತ ಹೆಚ್ಚು ಕಾಣೋ ಗಂಟು ಇದು, ಒತ್ತಿದ್ರ ಜಾರ್ತದ, ಕ್ಯಾನ್ಸರ್ ಅಲ್ಲ, ಬೆಳೀತಿಲ್ಲಂದ್ರ ಎಲ್ಲಾರೂ ತೆಗಸಬೇಕಂತಿಲ್ಲ. ಫೈಬ್ರೊಸಿಸ್ಟಿಕ್ ಚೇಂಜ್ ಅದೂ ಸಾದಾ. ಫ್ಯಾಟ್ ನೆಕ್ರೋಸಿಸ್ ಪೆಟ್ಟು ಬಿದ್ದಾಗ ಆಗ್ತದ, ಕೈಗೆ ಕ್ಯಾನ್ಸರಿನಂಗೇ ಗಟ್ಟಿ ಹತ್ತಿದ್ರೂ ಅದಲ್ಲ. ಗ್ರಾನುಲೋಮಾಟಸ್ ಮ್ಯಾಸ್ಟೈಟಿಸ್ (ಎದಿಯ ಒಂದು ನಮೂನಿ ಉರಿಯೂತ) ಅಂತ ಬಂದ್ರ ಟಿಬಿ ಅದನೋ ಇಲ್ಲೋ ನೋಡ್ಬೇಕು, ನಮ್ಮ ದೇಶದಾಗ ಇದನ್ನ ಬಿಡಂಗಿಲ್ಲ. ಆದ್ರ ಎದಿ ಕೆಂಪಾಗಿ ಬಾತು, ಬಾವು ಅಂತ ಆ್ಯಂಟಿಬಯಾಟಿಕ್ ತಗೊಂಡು ಎರಡು ವಾರಕ್ಕೂ ಇಳಿಲಿಲ್ಲಂದ್ರ ಬಯಾಪ್ಸಿ ಬೇಕೇ ಬೇಕು, ಇನ್ಫ್ಲಮೇಟರಿ ಕ್ಯಾನ್ಸರ್ ಇದೇ ವ್ಯಾಷದಾಗ ಬರ್ತದ. ಮೊಲಿ ತೊಟ್ಟಿನ ಒಂದೇ ತೂತಿನಿಂದ ರಕ್ತ ಜಿನುಗಿದ್ರ ಬಹುತೇಕ ಪ್ಯಾಪಿಲೋಮಾ (ಹಾಲಿನ ನಾಳದೊಳಗಿನ ಸಣ್ಣ ಗಂಟು), ಆದ್ರೂ ತೋರಿಸ್ಬೇಕು. ಫಿಲ್ಲೋಡ್ಸ್ (ಇದೂ ಒಂದು ನಮೂನಿ ಗಂಟು) ಅಂತ ಇದ್ರ ಬಿನೈನ್ (ಸಾದಾ), ಬಾರ್ಡರ್‌ಲೈನ್, ಮ್ಯಾಲಿಗ್ನಂಟ್ (ಕ್ಯಾನ್ಸರ್) ಯಾವುದು ಅಂತ ಕೇಳ್ರಿ, ಸುತ್ತಲಿನ ಒಳ್ಳೇ ಅಂಚು ಸೈತ ಸೇರ್ಸಿ ತೆಗಿಲಿಲ್ಲಂದ್ರ ಅದು ತಿರುಗಿ ಬರಬಹುದು.

ಎಟಿಪಿಕಲ್ ಡಕ್ಟಲ್ ಹೈಪರ್‌ಪ್ಲೇಸಿಯಾ (ಹಾಲಿನ ನಾಳದಾಗ ವಿಚಿತ್ರ ಸೆಲ್ ಹೆಚ್ಚಾಗೋದು) ಕ್ಯಾನ್ಸರ್ ಅಲ್ಲ, ಆದ್ರ ಮುಂದ ಕ್ಯಾನ್ಸರ್ ಬರೋ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚು, ಅದಕ್ಕ ಫಾಲೋಅಪ್ ಬಿಡಬಾರ್ದು. ಆಮ್ಯಾಲ ಬರೋದು ಡಿಸಿಐಎಸ್: ಕೆಟ್ಟ ಸೆಲ್ ಹಾಲಿನ ನಾಳದೊಳಗೇ ಅವ, ಚೀಲದಾಗಿನ ತೊಗರಿ ಇದ್ದಂಗ, ಚೀಲ ಹರದಿಲ್ಲ. ಚೀಲ ಹರದು ಹೊರಗ ಬಿದ್ರ ಅದು ಇನ್ವೇಸಿವ್. ಬಯಾಪ್ಸಿಯಾಗ ಬಿ5ಎ ಮತ್ತ ಬಿ5ಬಿ ಅಂತ ಬರೀತಾರಲ್ಲ, ಬಿ5ಎ ಅಂದ್ರ ಡಿಸಿಐಎಸ್, ಬಿ5ಬಿ ಅಂದ್ರ ಇನ್ವೇಸಿವ್, ವ್ಯತ್ಯಾಸ ಇಷ್ಟೇ, ಆದ್ರ ಟ್ರೀಟ್‌ಮೆಂಟ್ ಪೂರಾ ಬದಲಾಗ್ತದ.

ಗ್ರೇಡ್ ಬ್ಯಾರೆ, ಸ್ಟೇಜ್ ಬ್ಯಾರೆ, ಇದನ್ನ ಕಲಸಿ ಮನಿಮಂದಿಯೆಲ್ಲಾ ಅತ್ತು ಕೂಡೋದು ನೋಡಿದ್ರ ಸಂಕಟ ಆಗ್ತದ. ಗ್ರೇಡ್ 3 ಅಂದ್ರ ಮೂರನೇ ಸ್ಟೇಜ್ ಅಲ್ಲ! ನಾಟಿಂಗ್‌ಹ್ಯಾಮ್ ಸ್ಕೋರಿನಾಗ ಮೂರು ವಿಷಯಕ್ಕ ತಲಾ 1ರಿಂದ 3 ಅಂಕ: ನಳಿಗಿ ಎಷ್ಟು ಉಳದಾವ, ನ್ಯೂಕ್ಲಿಯಸ್ ಎಷ್ಟು ಕೆಟ್ಟದ, ಸೆಲ್ ಎಷ್ಟು ಒಡದು ಹೆಚ್ಚಾಗ್ಲತ್ತಾವ. ಒಟ್ಟು 3-5 ಬಂದ್ರ ಗ್ರೇಡ್ 1, 6-7 ಗ್ರೇಡ್ 2, 8-9 ಗ್ರೇಡ್ 3. ಸ್ಟೇಜ್ ಹೇಳೋದು ಗಂಟಿನ ಅಳತಿ, ಕಂಕಳ ಗ್ರಂಥಿ, ಬ್ಯಾರೆ ಅಂಗಕ್ಕ ಹೋಗಿದ್ದು ಇವೆಲ್ಲಾ ನೋಡಿ.

ಇಆರ್ ಒಂದು ಪರ್ಸೆಂಟ್ ಸೆಲ್ಲಿನಾಗ ಇದ್ರೂ ಪಾಸಿಟಿವ್ ಅಂತಾರ, ಅದು ಒಳ್ಳೇ ಸುದ್ದಿ, ಟ್ಯಾಮಾಕ್ಸಿಫೆನ್‌ನಂಥ ಅಗ್ಗದ ಗುಳಗಿ ಕೆಲಸ ಮಾಡಬಹುದು. ಹರ್-2 (ಸೆಲ್ ಬೆಳಸೋ ಒಂದು ಪ್ರೋಟೀನ್) ಸೊನ್ನೆ ಇಲ್ಲಾ 1+ ಇದ್ರ ನೆಗೆಟಿವ್, 3+ ಪಾಸಿಟಿವ್, 2+ ಬಂದ್ರ ಹೌದು-ಅಲ್ಲ ಯಾವುದೂ ಹೇಳ್ಲಿಕ್ಕ ಬರಲ್ಲ, ಫಿಶ್ ಅನ್ನೋ ಜೀನ್ ಟೆಸ್ಟ್ ಮಾಡಿಸ್ಬೇಕು. ಇಆರ್, ಪಿಆರ್, ಹರ್-2 ಮೂರೂ ನೆಗೆಟಿವ್ ಇದ್ರ ಟ್ರಿಪಲ್ ನೆಗೆಟಿವ್, ಅಲ್ಲಿ ಕೀಮೋನೇ ಮುಖ್ಯ, ತಡ ಮಾಡಬ್ಯಾಡ್ರಿ.

ಆಪರೇಷನ್ ಆದಮ್ಯಾಲ ಬರೋ ರಿಪೋರ್ಟಿನಾಗ ಅಂಚು ಕ್ಲಿಯರ್ ಅದನೋ, ಕಂಕಳಾಗ ಎಷ್ಟು ಗ್ರಂಥಿ ಸಿಕ್ಕಾವ, ಅದರಾಗ ಎಷ್ಟರಾಗ ಕ್ಯಾನ್ಸರ್ ಅದ ಹುಡುಕ್ರಿ, 2/14 ಅಂದ್ರ ಹದಿನಾಲ್ಕರಾಗ ಎರಡು. ಮತ್ತ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೊಂಟ್ರ ಬರೇ ರಿಪೋರ್ಟಿನ ಝೆರಾಕ್ಸ್ ಸಾಲಲ್ಲ, ಲ್ಯಾಬಿಗೆ ಅರ್ಜಿ ಕೊಟ್ಟು ಮೇಣದ ಬ್ಲಾಕು, ಗಾಜಿನ ಸ್ಲೈಡು ಇಸ್ಕೊಂಡು ಹೋಗ್ರಿ, ಅಲ್ಲಿಯವರು ಮತ್ತೊಮ್ಮೆ ನೋಡ್ತಾರ. ಬ್ಲಾಕ್ ಬಿಸಲಿಗೆ ಕರಗ್ತದ, ಗಾಡಿ ಡ್ಯಾಶ್‌ಬೋರ್ಡ್ ಮ್ಯಾಲ ಇಡಬ್ಯಾಡ್ರಿ, ನೆರಳಿನಾಗ ಚೀಲದೊಳಗ ಇಟ್ಕೊಂಡು ಹೋಗ್ರಿ, ಕೆಲಸ ಮುಗದ ಮ್ಯಾಲ ವಾಪಸ್ ತಂದು ಅದೇ ಲ್ಯಾಬಿಗೆ ಕೊಡ್ರಿ.