ಮಗಳ ರೋಹಿಣಿಯೂ ಜನವರಿ ನಾಲ್ಕೂ

ನಮ್ಮ ಮಗಳು ಹುಟ್ಟಿದ್ದು 2023ರ ಜನವರಿ 4ರ ಬೆಳಿಗ್ಗೆ, ಧನು ತಿಂಗಳ ರೋಹಿಣಿ ನಕ್ಷತ್ರದಲ್ಲಿ. ಕಾಸರಗೋಡಿನ ನೀರ್ಚಾಲು ಕಡೆಯ ನಮ್ಮ ಮನೆಯಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ತಾರೀಕು ನೋಡುವ ಕ್ರಮ ಇರಲಿಲ್ಲ. ಹುಟ್ಟಿದ ಸೌರ ತಿಂಗಳಲ್ಲಿ ಆ ನಕ್ಷತ್ರ ಬಂದ ದಿನ ದೀಪ ಹಚ್ಚಿ, ಪಾಯಸ ಮಾಡಿ, ಹಿರಿಯರ ಕಾಲಿಗೆ ಬಿದ್ದರೆ ಆಯಿತು. ನನ್ನ ಹುಟ್ಟಿದ ತಾರೀಕು ನನಗೆ ಸರಿಯಾಗಿ ಗೊತ್ತಾದದ್ದೇ ಶಾಲೆಗೆ ಸೇರುವಾಗ.

ಮಗುವಿಗೆ ಒಂಬತ್ತು ತಿಂಗಳಾದಾಗ, ಅಕ್ಟೋಬರಿನಲ್ಲಿ, ಗಂಡನ ಕೆಲಸಕ್ಕಾಗಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದೆವು. ವಿಳಾಸದ ನೋಂದಣಿ, ವಿಮೆ, ಮಕ್ಕಳ ಡಾಕ್ಟರು ಎನ್ನುತ್ತಾ ಎರಡು ತಿಂಗಳು ಕಾಗದಪತ್ರದಲ್ಲೇ ಕಳೆಯಿತು. ಡಿಸೆಂಬರ್ ಮೊದಲ ವಾರ ಅತ್ತೆ ಫೋನಿನಲ್ಲಿ ಕೇಳಿದರು: "ಕೂಸಿನ ರೋಹಿಣಿ ಈ ಸಲ ಇಪ್ಪತ್ತೈದಕ್ಕೆ ಬರುತ್ತದೆ, ಏನು ಮಾಡುತ್ತೀರಿ?"

ಚಂದ್ರ ಇಪ್ಪತ್ತೇಳು ನಕ್ಷತ್ರಗಳ ಸುತ್ತು ಮುಗಿಸಲು 27 ದಿನ ಚಿಲ್ಲರೆ ಹಿಡಿಯುತ್ತಾನೆ. ಸೌರ ತಿಂಗಳು ಅದಕ್ಕಿಂತ ಉದ್ದ. ಹಾಗಾಗಿ ನಕ್ಷತ್ರದ ದಿನ ವರ್ಷ ವರ್ಷವೂ ಜಾರುತ್ತದೆ, ಆ ವರ್ಷ ತಾರೀಕಿಗಿಂತ ಹತ್ತು ದಿನ ಮೊದಲೇ ಬಂತು. ಪರದೇಶದಲ್ಲಿ ಇನ್ನೊಂದು ತೊಡಕೂ ಇದೆ. ಸೂರ್ಯೋದಯಕ್ಕೆ ಇದ್ದ ನಕ್ಷತ್ರವೇ ಆ ದಿನದ್ದು ಎಂಬುದು ನಮ್ಮ ಮನೆಯ ಲೆಕ್ಕ. ಆದರೆ ಆ ಚಳಿಗಾಲದಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸೂರ್ಯ ಕಾಣುವುದೇ ಎಂಟು ಗಂಟೆ ದಾಟಿದ ಮೇಲೆ. ನೀರ್ಚಾಲಿನಲ್ಲಿ ಸೂರ್ಯ ಹುಟ್ಟಿ ಆಗಲೇ ಹತ್ತಿರ ಹತ್ತಿರ ಆರು ಗಂಟೆ ಆಗಿರುತ್ತದೆ. ಅಷ್ಟರೊಳಗೆ ನಕ್ಷತ್ರ ಮುಗಿಯುವುದೂ ಉಂಟು. ಊರಿನ ಸೂರ್ಯೋದಯವನ್ನೇ ಹಿಡಿಯುವುದೆಂದು ನಾವು ನಿಶ್ಚಯಿಸಿದೆವು. ಅತ್ತೆ ಅಲ್ಲಿ ದೀಪ ಹಚ್ಚುವ ದಿನವೇ ನಮಗೂ ಹಬ್ಬವಾಗಬೇಕಿತ್ತು.

ಇಪ್ಪತ್ತೈದು ಎಂದರೆ ಕ್ರಿಸ್‌ಮಸ್. ಹಿಂದಿನ ದಿನ ಆದಿತ್ಯವಾರ, ಮರುದಿನವೂ ಅಲ್ಲಿ ಸರಕಾರಿ ರಜೆ. ಮೂರು ದಿನ ಅಂಗಡಿ ಬಾಗಿಲು ಮುಚ್ಚಿಯೇ ಇರುತ್ತದೆಂದು ಗೊತ್ತಾದಾಗ ಶನಿವಾರ ಬೆಳಿಗ್ಗೆಯೇ ಶ್ರೀಲಂಕಾದ ತಮಿಳರೊಬ್ಬರ ಅಂಗಡಿಗೆ ಓಡಿದೆವು. ಹೆಸರುಬೇಳೆ, ಬೆಲ್ಲ, ಡಬ್ಬಿಯ ಕಾಯಿಹಾಲು, ಫ್ರೀಜರಿನಲ್ಲಿಟ್ಟ ಬಾಳೆಲೆ ಎಲ್ಲವೂ ಅಲ್ಲಿ ಸಿಕ್ಕಿತು.

ಆ ಬಾಳೆಲೆಯ ವಿಷಯ ಹೇಳಲೇಬೇಕು. ಮಡಚಿ ಕಟ್ಟಿದ ಎಲೆಯನ್ನು ತಂದ ಕೂಡಲೇ ಬಿಡಿಸಲು ಹೋದೆ, ಹಪ್ಪಳದ ಹಾಗೆ ಮುರಿಯಿತು. ಎರಡನೆಯದನ್ನು ಕಟ್ಟು ಬಿಚ್ಚದೆ ನೀರಿನಲ್ಲಿಟ್ಟು, ತಾನಾಗಿ ಮೆತ್ತಗಾದ ಮೇಲೆ ಒರೆಸಿದೆ. ಕರೆಂಟಿನ ಒಲೆಯನ್ನು ಬಿಸಿ ಮಾಡಿ, ಅದರ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಎಲೆಯನ್ನು ನಿಧಾನ ಸರಿಸುತ್ತಾ ಬಾಡಿಸಿದೆ. ಮಂಕಾಗಿದ್ದ ಹಸಿರು ಮಿರಿಮಿರಿ ಎಂದಿತು, ಅಡುಗೆಮನೆಯೆಲ್ಲ ಊರಿನ ಪರಿಮಳ. ನನಗೆ ಅಳು ಬಂದದ್ದು ಆಗಲೇ.

ಪಾಯಸಕ್ಕೆ ಬೇಳೆ ಹುರಿದು ಬೇಯಿಸಿ, ಬೆಲ್ಲ ಹಾಕಿ ಕುದಿಸಿ, ಡಬ್ಬಿಯ ಹಾಲಿನ ಅರ್ಧಕ್ಕೆ ನೀರು ಬೆರೆಸಿ ಮೊದಲು ಹಾಕಿದೆ. ದಪ್ಪಹಾಲು ಹಾಕಿದ್ದು ಒಲೆ ಆರಿಸಿದ ಮೇಲೆ. ಕುದಿಯಲು ಬಿಟ್ಟರೆ ಅದು ಒಡೆಯುತ್ತದೆ.

ಬೆಳಿಗ್ಗೆ ಎಂಟೂವರೆಗೆ, ಊರಿನಲ್ಲಿ ಮಧ್ಯಾಹ್ನ ಒಂದಾದಾಗ, ವಿಡಿಯೋದಲ್ಲಿ ಅತ್ತೆ ಮಾವ ಕುಳಿತರು. ಅಂದು ಮಧೂರಿನ ಗಣಪತಿ ದೇವಸ್ಥಾನಕ್ಕೆ ಹೋಗಿ ಬಂದಿದ್ದರು, ಅಲ್ಲಿನ ಪ್ರಸಾದವಾದ ಸಿಹಿ ಅಪ್ಪವನ್ನು ಕೆಮರಾಕ್ಕೆ ಹಿಡಿದರು. ಮಗಳನ್ನು ಫೋನಿನೆದುರು ನಮಸ್ಕಾರ ಮಾಡಿಸಿದೆ. ಮಾವ ಗಾಳಿಯಲ್ಲೇ ಕೈ ಎತ್ತಿ ಆಶೀರ್ವದಿಸಿದರು. ಮುಟ್ಟುವ ಕೈ ಒಂದು ಬೇಕಿತ್ತು ಎಂದು ನನಗೆ ಅನ್ನಿಸುತ್ತಲೇ ಇತ್ತು.

ಕೆಳಗಿನ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಒಂಟಿಯಾಗಿದ್ದಾರೆ. ಅವರಿಗೂ ಬಟ್ಟಲು ಪಾಯಸ ಕೊಟ್ಟು, "ಇವತ್ತು ಇವಳ ಹುಟ್ಟುಹಬ್ಬ, ತಾರೀಕು ಮಾತ್ರ ಜನವರಿ ನಾಲ್ಕು" ಎಂದೆ. ಶುಭ ಕೋರಲು ಚಾಚಿದ ಕೈಯನ್ನು ಅವರು ಹಿಂದಕ್ಕೆ ತೆಗೆದರು. ದಿನಕ್ಕೆ ಮೊದಲು ಹುಟ್ಟುಹಬ್ಬದ ಶುಭಾಶಯ ಹೇಳಿದರೆ ಮಗುವಿಗೆ ಕೆಡುಕು ಎಂಬ ನಂಬಿಕೆ ಜರ್ಮನರಲ್ಲಿ ಗಟ್ಟಿಯಾಗಿದೆ. ನನಗೆ ಅದು ತಿಳಿದಿರಲಿಲ್ಲ. ಅವರು ಪಾಯಸ ತೆಗೆದುಕೊಂಡು, ಕ್ರಿಸ್‌ಮಸ್ ಬಿಸ್ಕತ್ತಿನ ಡಬ್ಬಿ ಕೊಟ್ಟು, ಬಾಗಿಲು ಹಾಕಿಕೊಂಡರು. ತಪ್ಪು ಮಾಡಿದೆನೇನೋ ಎಂದು ಹತ್ತು ದಿನ ಕೊರಗಿದೆ. ಜನವರಿ ನಾಲ್ಕರ ಬೆಳಿಗ್ಗೆ ಬೆಲ್ ಆಯಿತು. ಒಂದು ಮೊಂಬತ್ತಿ ನೆಟ್ಟ ಪುಟ್ಟ ಕೇಕ್ ಹಿಡಿದು ಅಜ್ಜಿ ನಿಂತಿದ್ದರು. "ಆಲ್ಲೆಸ್ ಗೂಟೆ", ಎಲ್ಲ ಒಳ್ಳೆಯದಾಗಲಿ, ಎಂದು ಮಗುವಿನ ಕೆನ್ನೆ ಸವರಿದರು. ಆ ಹೊತ್ತಿನಿಂದ ಎರಡು ದಿನವನ್ನೂ ಮಾಡುವುದೆಂದು ತೀರ್ಮಾನಿಸಿದೆ.

ಅದೇ ವರ್ಷ ಶರತ್ಕಾಲದಲ್ಲಿ ಮಗಳು ಕಿಟಾಕ್ಕೆ, ಅಂದರೆ ಅಲ್ಲಿನ ಶಿಶುವಿಹಾರಕ್ಕೆ ಸೇರಿದಳು. ಮಗುವನ್ನು ಹೊಂದಿಸುವ ಅವರ ಕ್ರಮಕ್ಕೆ ಬರ್ಲಿನ್ ಮಾದರಿ ಎಂದು ಹೆಸರು: ಮೊದಲ ಮೂರು ದಿನ ತಾಯಿಯೋ ತಂದೆಯೋ ಜತೆಗೇ ಕೂರಬೇಕು, ನಾಲ್ಕನೇ ದಿನ ಕೆಲವು ನಿಮಿಷ ಹೊರಗೆ ಹೋಗಿ ನೋಡಬೇಕು. ನೀರು, ಹಾಲು, ಮಮ್ಮು, ತಾಚಿ ಎಂಬ ಶಬ್ದಗಳನ್ನು ಟೀಚರ್ ನನ್ನಿಂದ ಅವರ ಲಿಪಿಯಲ್ಲಿ ಬರೆಸಿ ಗೋಡೆಗೆ ಅಂಟಿಸಿಕೊಂಡರು. ಎರಡನೇ ಹುಟ್ಟುಹಬ್ಬಕ್ಕೆ ರಜೆ ಮುಗಿದ ಮೇಲೆ ನಾನು ಗೋಡಂಬಿ ಬರ್ಫಿ ಒಯ್ದೆ. ಬೀಜಗಳ ಅಲರ್ಜಿ ಇರುವ ಮಗುವಿದೆ ಎಂದು ಅವರು ಮೆಲ್ಲಗೆ ಹಿಂತಿರುಗಿಸಿದರು. ಮರುದಿನ ರವೆಯ ಕೇಕ್ ಮಾಡಿ, ಏನೇನು ಹಾಕಿದ್ದೇನೆ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಹೊಸದಾಗಿ ಹೋಗುವ ತಾಯಂದಿರು ಮೊದಲೇ ಕೇಳಿಕೊಳ್ಳಿ.

ಆ ಸಲ ರೋಹಿಣಿ ಬಂದದ್ದು ತಾರೀಕು ಕಳೆದು, ಜನವರಿ 11ರ ಶನಿವಾರ. ಅಜ್ಜಿಯನ್ನು ಊಟಕ್ಕೆ ಕರೆದೆ. ಬಾಳೆಲೆಯ ಮೇಲೆ ಬಡಿಸಿದ್ದನ್ನು ಅವರು ಚಮಚದಲ್ಲಿ ಉಂಡರು, ಪಾಯಸ ಎರಡು ಸಲ ಹಾಕಿಸಿಕೊಂಡರು. ಊಟವಾದ ಮೇಲೆ ಮಗಳು ಯಾರೂ ಹೇಳದೆ ಅವರ ಕಾಲಿನ ಹತ್ತಿರ ಬಗ್ಗಿ ಕುಳಿತಳು. ಅವರು ಗಾಬರಿಯಿಂದ ನನ್ನ ಮುಖ ನೋಡಿದರು. ತಲೆಯ ಮೇಲೆ ಕೈ ಇಡಿ ಎಂದೆ. ಇಟ್ಟರು. ಬಳಿಕ ಕೇಳಿದರು, "ತಾರೀಕು ದಾಟಿದೆ ಅಲ್ಲವೇ? ಹಾಗಾದರೆ ಇವತ್ತೂ ಹೇಳಬಹುದು."

ಕೈ ತೆಗೆಯದೆಯೇ ಹೇಳಿದರು.