ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇರುತ್ತೆ? ಐಐಎಸ್‌ಸಿ ಆರಿಸಿಕೊಂಡ ನನ್ನ ಅನುಭವ

2015ರಲ್ಲಿ ಸಿಇಟಿಯಲ್ಲಿ ಸಿಕ್ಕಿದ್ದ ಕಂಪ್ಯೂಟರ್ ಸೈನ್ಸ್ ಸೀಟು ಬಿಟ್ಟು ಬೆಂಗಳೂರಿನ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆ) ನಾಲ್ಕು ವರ್ಷದ ವಿಜ್ಞಾನ ಪದವಿ ಬಿಎಸ್‌ಗೆ ಸೇರುತ್ತೇನೆ ಅಂದಾಗ ನಮ್ಮ ಮನೆಯಲ್ಲಿ ಒಂದು ವಾರ ಯಾರೂ ನೆಮ್ಮದಿಯಾಗಿ ಊಟ ಮಾಡಲಿಲ್ಲ. "ಬಾವ, ಹೋಗಿ ಹೋಗಿ ಮಗೂನ ಬಿಎಸ್ಸಿಗೆ ಹಾಕ್ತೀರಾ? ಬಿಎಸ್ಸಿ ಚಳ್ಳಕೆರೆಲೇ ಓದಬಹುದಲ್ಲ" ಎಂದು ಸೋದರಮಾವ ಅಪ್ಪನನ್ನು ಕೇಳಿದ್ದರು. ಈ ಮೇ ತಿಂಗಳಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಪಿಎಚ್‌ಡಿ ಮುಗಿಸಿ ಊರಿಗೆ ಬಂದರೆ, ಅದೇ ಮಾವ ತಮ್ಮ ಮಗನನ್ನು ಕರೆದುಕೊಂಡು ಬಂದು "ನೀನು ಹೆಂಗೆ ಆರಿಸ್ಕೊಂಡೆ, ಇವನಿಗೂ ಸ್ವಲ್ಪ ಹೇಳು ತಾಯಿ" ಅಂದರು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪಿಸಿಎಂಬಿ, ಆಪ್ಶನ್ ಎಂಟ್ರಿ, ಕಟ್‌ಆಫ್ ಇವೆಲ್ಲ ನಿಮಗೆ ಗೊತ್ತೇ ಇರುತ್ತೆ, ಅದನ್ನು ಬಿಡುತ್ತೇನೆ.

ಮೊದಲು ಸೋತಿದ್ದನ್ನು ಹೇಳಿಬಿಡುತ್ತೇನೆ. ಪಿಯುಸಿ ಜೊತೆಗೆ ಕೋಚಿಂಗ್ ಅಂತ ಅಪ್ಪ ಒಂದು ಲಕ್ಷಕ್ಕೂ ಜಾಸ್ತಿ ಕಟ್ಟಿದ್ದರು, ಅದರಲ್ಲಿ ಅರ್ಧ ಸಾಲ. ಆ ಕೋಚಿಂಗ್ ಸೆಂಟರ್ ಹೆಸರು ಬೇಡ. ವಾರಕ್ಕೊಂದು ಟೆಸ್ಟ್, ರ‍್ಯಾಂಕ್ ಪಟ್ಟಿ, ಕೊನೆಯ ಬ್ಯಾಚಿನವರ ಕಡೆಗೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಪ್ರಶ್ನೆ ಅರ್ಥವಾಗುವಷ್ಟರಲ್ಲಿ ಟೈಮ್ ಮುಗಿಯುತ್ತಿತ್ತು. ಫಸ್ಟ್ ಪಿಯುಸಿಯಲ್ಲಿ ಬರೆದ ಕೆವಿಪಿವೈ ಕೈಕೊಟ್ಟಿತು. ಅದು ವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ, ಐಐಎಸ್‌ಸಿಯ ಬಿಎಸ್ ಸೇರೋಕೂ ಆಗ ಅದೊಂದು ದಾರಿ. ಆ ಹಣದಲ್ಲಿ ಕಾಲು ಭಾಗವೂ ಉಪಯೋಗಕ್ಕೆ ಬರಲಿಲ್ಲ ಅನ್ನೋದು ಈಗಲೂ ನೋವು, ಏಕೆಂದರೆ ಅಪ್ಪ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವರು, ಆ ಸಾಲ ತೀರಿಸೋಕೆ ಮೂರು ವರ್ಷ ಹಿಡಿಯಿತು.

ತಿರುವು ಬಂದಿದ್ದು 2014ರ ಓಪನ್ ಡೇ ದಿನ, ಅಂದರೆ ಐಐಎಸ್‌ಸಿಯ ಲ್ಯಾಬುಗಳನ್ನು ಜನ ಒಳಗೆ ಬಂದು ನೋಡೋಕೆ ಬಿಡುವ ದಿನ. ನಮ್ಮ ಕಡೆ ಜನಕ್ಕೆ ಐಐಎಸ್‌ಸಿ ಅಂದರೆ ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಅವರಿಗೆ ಸಿಕ್ಕ ಸಾವಿರದ ಐನೂರು ಎಕರೆ ಜಾಗ, ಅಷ್ಟೇ. ಒಳಗೆ ಏನು ನಡೆಯುತ್ತೆ ಅಂತ ನಾನೂ ಯೋಚಿಸಿರಲಿಲ್ಲ. ರಾತ್ರಿ ಬಸ್ಸಿಗೆ ಹೊರಟು ಬೆಳಗಿನ ಜಾವ ಯಶವಂತಪುರದಲ್ಲಿ ಇಳಿದೆವು. ಸಿಟಿ ಬಸ್ಸಿನ ಕಂಡಕ್ಟರ್‌ಗೆ ಐಐಎಸ್‌ಸಿ ಅಂದರೆ ಸುಮ್ನೆ ನೋಡಿದರು, ಅಪ್ಪ "ಟಾಟಾ ಇನ್‌ಸ್ಟಿಟ್ಯೂಟ್" ಅಂದ ಮೇಲೆ ಟಿಕೆಟ್ ಹರಿದರು.

ಅವತ್ತು ನೂರಾರು ಪ್ರದರ್ಶನ ನೋಡಿರಬೇಕು. ನೆನಪಿರೋದು ಒಂದೇ. ಒಂದು ಲ್ಯಾಬಿನ ಮೂಲೆಯಲ್ಲಿ ಒಬ್ಬ ಅಕ್ಕ ವ್ಯಾಕ್ಯೂಮ್ ಪಂಪ್ ಬಿಚ್ಚಿಕೊಂಡು ಕೂತಿದ್ದರು, ಮೊಣಕೈವರೆಗೆ ಎಣ್ಣೆ. ಟೀಚರ್ ಇರಬೇಕು ಅಂದುಕೊಂಡು ಮೇಡಂ ಅಂದೆ. "ನಾನು ಬಿಎಸ್ ಮೂರನೇ ವರ್ಷ" ಅಂದರು. ಮುಟ್ಟೋಕೆ ಬಿಡ್ತಾರಾ ಅಂತ ಕೇಳಿದೆ. ಎಣ್ಣೆ ಕೈಯಲ್ಲೇ ಕೊರಳಿನ ದಾರ ಎತ್ತಿ ತೋರಿಸಿದರು, ಅದರಲ್ಲಿ ಹಿತ್ತಾಳೆಯ ಬೀಗದ ಕೈ. "ರಾತ್ರಿ ಹನ್ನೊಂದಕ್ಕೆ ನಾನೇ ಬಾಗಿಲು ಹಾಕಿ ಹೋಗ್ತೀನಿ." ನಮ್ಮ ಪಿಯು ಕಾಲೇಜಿನಲ್ಲಿ ಪೆಂಡ್ಯುಲಮ್ ಮುಟ್ಟಬೇಕಾದರೂ ಅಟೆಂಡರ್ ಊಟ ಮುಗಿಸಿ ಬರೋವರೆಗೆ ಕಾಯಬೇಕಿತ್ತು.

ಅಲ್ಲಿಂದ ನನ್ನ ವಿಧಾನ ಹುಟ್ಟಿತು. ಪ್ಲೇಸ್‌ಮೆಂಟ್, ರ‍್ಯಾಂಕಿಂಗ್ ಎಲ್ಲ ಪಕ್ಕಕ್ಕಿಟ್ಟು ಪ್ರತಿ ಕಾಲೇಜಿಗೂ ಹೋಗಿ ಒಂದೇ ಪ್ರಶ್ನೆ ಕೇಳೋದು: ಎರಡನೇ, ಮೂರನೇ ವರ್ಷದವರಿಗೆ ಲ್ಯಾಬಿನ ಬೀಗದ ಕೈ ಸಿಗುತ್ತಾ? ಬೆಂಗಳೂರಿನಲ್ಲಿ ಹೆಸರಾಂತ ಮೂರು ಎಂಜಿನಿಯರಿಂಗ್ ಕಾಲೇಜು ಸುತ್ತಿದೆ. ಎರಡರಲ್ಲಿ ಸಂಜೆ ನಾಲ್ಕೂವರೆಗೆ ಬೀಗ. ಒಂದರಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಮಾತ್ರ, ಅದಕ್ಕೂ ಲೆಟರ್ ಬೇಕು. ಪ್ರಿನ್ಸಿಪಾಲರನ್ನು ಕೇಳಬೇಡಿ, ಲ್ಯಾಬ್ ಅಟೆಂಡರನ್ನು ಕೇಳಿ, ಅವರು ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ.

ಮನೆಯಲ್ಲಿ ಅನುಮಾನ ಪಟ್ಟಿದ್ದು ತಪ್ಪಲ್ಲ. ಸಂಸ್ಥೆ 1909ರದ್ದು, ಆದರೆ ಬಿಎಸ್ ಶುರುವಾಗಿದ್ದು 2011ರಲ್ಲಿ. ನಾನು ವಿಚಾರಿಸುವಾಗ ಮೊದಲ ಬ್ಯಾಚೇ ಹೊರಗೆ ಬಂದಿರಲಿಲ್ಲ. "ಓದಿದವರು ಏನಾದ್ರು?" ಅಂತ ಮಾವ ಕೇಳಿದರೆ ತೋರಿಸೋಕೆ ಒಬ್ಬರೂ ಇಲ್ಲ.

ಸೆಕೆಂಡ್ ಪಿಯುಸಿಯಲ್ಲಿ ಮತ್ತೆ ಕೆವಿಪಿವೈ ಬರೆದೆ. ಈ ಸಲ ಎರಡನೇ ಭಾಗದ ಎರಡು ಅಂಕದ ಪ್ರಶ್ನೆಗಳನ್ನೇ ಮೊದಲು ಹಿಡಿದೆ, ತಪ್ಪಿದರೆ ಅರ್ಧ ಅಂಕ ಹೋಗುತ್ತೆ ಅಂತ ಗೊತ್ತಿದ್ದೂ. ಅದು ಕೈಹಿಡಿಯಿತು, ಇಂಟರ್‌ವ್ಯೂ ಕೂಡ ಪಾಸಾಯಿತು. ಆ ಪರೀಕ್ಷೆ ಈಗ ಇಲ್ಲ, ಐಐಎಸ್‌ಸಿಗೆ ಐಸರ್‌ನ (ಕೇಂದ್ರ ಸರ್ಕಾರದ ಇನ್ನೊಂದು ಸಾಲು ವಿಜ್ಞಾನ ಸಂಸ್ಥೆಗಳು) ಆಪ್ಟಿಟ್ಯೂಡ್ ಟೆಸ್ಟ್ ಅಥವಾ ಜೆಇಇ ಅಡ್ವಾನ್ಸ್ಡ್ ಮೂಲಕ ಹೋಗಬೇಕು.

ಕೊನೆಗೆ ಅಪ್ಪ ಒಪ್ಪಿದ್ದು ಲೆಕ್ಕ ಹಾಕಿ. ಮಿಲ್ಲಿನ ಕೆಂಪು ರಟ್ಟಿನ ಪುಸ್ತಕದಲ್ಲಿ ಎರಡು ಪುಟ. ಎಡಕ್ಕೆ ಎಂಜಿನಿಯರಿಂಗ್: ಫೀಸು ವರ್ಷಕ್ಕೆ ಐವತ್ತು ಸಾವಿರದ ಹತ್ತಿರ, ಪಿಜಿ ಬಾಡಿಗೆ, ಊಟ, ಲ್ಯಾಪ್‌ಟಾಪ್, ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಐದು ಲಕ್ಷ ದಾಟಿತು. ಬಲಕ್ಕೆ ಐಐಎಸ್‌ಸಿ: ಟ್ಯೂಷನ್ ಫೀಸು ಹತ್ತು ಸಾವಿರ, ಮಿಕ್ಕ ಫೀಸು, ಹಾಸ್ಟೆಲ್, ಮೆಸ್ ತಿಂಗಳಿಗೆ ಮೂರು ಸಾವಿರ ಚಿಲ್ಲರೆ, ವರ್ಷಕ್ಕೆ ಅಂದಾಜು ಅರವತ್ತೈದು ಸಾವಿರ. ಅದರ ಎದುರಿಗೆ ಕೆವಿಪಿವೈ ತಿಂಗಳಿಗೆ ಐದು ಸಾವಿರ, ವರ್ಷಕ್ಕೆ ಇಪ್ಪತ್ತು ಸಾವಿರ ಪುಸ್ತಕ ಪ್ರಯಾಣಕ್ಕೆ. ಮೂರು ವರ್ಷಕ್ಕೆ 2.4 ಲಕ್ಷ. ಅಪ್ಪ ಎರಡು ಸಲ ಕೂಡಿಸಿ ನೋಡಿ ಪೆನ್ನು ಮುಚ್ಚಿದರು. ಒಂದು ಮಾತು: ಯಾವ ಸ್ಕಾಲರ್‌ಶಿಪ್ಪೇ ಆಗಲಿ, ಮೊದಲ ಕಂತು ಬರೋವರೆಗೆ ಕೈಯಲ್ಲಿ ನಲವತ್ತು ಸಾವಿರವಾದರೂ ಇಟ್ಟುಕೊಂಡಿರಿ.

ಸೇರಿದ ಮೇಲೆ ಸುಖವಾಗಿತ್ತು ಅಂದರೆ ಸುಳ್ಳು. ಮೊದಲ ಮೂರು ಸೆಮಿಸ್ಟರ್ ಎಲ್ಲರೂ ಎಲ್ಲವನ್ನೂ ಓದಬೇಕು: ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಎಂಜಿನಿಯರಿಂಗ್. ಗಣಿತದ ಮೊದಲ ಟೆಸ್ಟ್‌ನಲ್ಲಿ ಮೂವತ್ತಕ್ಕೆ ಏಳೋ ಎಂಟೋ. ಪಿಯುಸಿಯಲ್ಲಿ ಉತ್ತರ ಬಂದರೆ ಸಾಕಿತ್ತು, ಇಲ್ಲಿ ಯಾಕೆ ಬಂತು ಅಂತ ಸಾಧಿಸಬೇಕು. ಇಬ್ಬರು ಗೆಳತಿಯರ ಜೊತೆ ರಾತ್ರಿ ಖಾಲಿ ಕ್ಲಾಸಿನಲ್ಲಿ ಬೋರ್ಡ್ ಮೇಲೆ ಒಂದೊಂದೇ ಸಾಲು ಬರೆದು, ಮೊದಲು ಕನ್ನಡದಲ್ಲಿ ಹೇಳಿ ಆಮೇಲೆ ಇಂಗ್ಲಿಷಿಗೆ ತಿರುಗಿಸಿದೆ. ಎರಡನೇ ಸೆಮಿಸ್ಟರ್‌ಗೆ ಹಳಿ ಹತ್ತಿತು.

ಬೀಗದ ಕೈ ಕೂಡ ತಾನಾಗಿ ಬರಲಿಲ್ಲ. ಹದಿನಾಲ್ಕು ಪ್ರೊಫೆಸರ್‌ಗಳಿಗೆ ಮೇಲ್ ಹಾಕಿದೆ, ಉತ್ತರ ಬಂದಿದ್ದು ಎರಡು, ಎರಡೂ ಇಲ್ಲ. ಮೊದಲ ಸಾಲು ಬದಲಾಯಿಸಿ ಮತ್ತೆ ಐವರಿಗೆ ಬರೆದೆ, ಮೂವರು ಕರೆದರು. ಆ ಸಾಲು ಏನು ಅಂತ ಮಾವನ ಮಗನಿಗೆ ಮಾತ್ರ ಹೇಳಿದ್ದೇನೆ. ಎರಡನೇ ವರ್ಷದ ಬೇಸಿಗೆಯಲ್ಲಿ ಮೆಟೀರಿಯಲ್ಸ್ ಲ್ಯಾಬಿನ ಬೀಗದ ಕೈ ನನ್ನ ಕೈಗೆ ಬಂತು.

ಆ ಲ್ಯಾಬಿನಿಂದಲೇ ಒಂದು ಬೇರೆ ಹುಚ್ಚು ಹತ್ತಿತು. ನಮ್ಮ ಮಿಲ್ಲಿನಲ್ಲಿ ಶೇಂಗಾದ ತೇವ ನೋಡೋದು ಕಿವಿ ಹತ್ತಿರ ಕಾಯಿ ಅಲ್ಲಾಡಿಸಿ, ಬೀಜ ಹಲ್ಲಿನಲ್ಲಿ ಕಚ್ಚಿ. ನಾನು ಒಂದರೊಳಗೊಂದು ಕೂರುವ ಎರಡು ಸ್ಟೀಲ್ ಲೋಟ ತಗೊಂಡು, ನಡುವೆ ಬೀಜ ತುಂಬಿ ಕೆಪಾಸಿಟರ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಸಾಧನ) ಮಾಡಿದೆ. ಅದಕ್ಕೆ 555 ಟೈಮರ್ ಅನ್ನೋ ಪುಟ್ಟ ಚಿಪ್ ಹಾಕಿದರೆ ಬಿಟ್ಟು ಬಿಟ್ಟು ಬಡಿಯುವ ಸಿಗ್ನಲ್ ಬರುತ್ತೆ, ತೇವ ಜಾಸ್ತಿ ಆದಷ್ಟೂ ಅದರ ಫ್ರೀಕ್ವೆನ್ಸಿ ಇಳಿಯುತ್ತೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಎರಡು ಸಾವಿರ ಚಿಲ್ಲರೆ ಖರ್ಚಾಯಿತು. ಓವನ್‌ನಲ್ಲಿ 105 ಡಿಗ್ರಿಗೆ ಒಣಗಿಸಿ ತೂಕ ಹಾಕಿ ತಾಳೆ ನೋಡಿದೆ. ಮೊದಲ ಒಂದು ತಿಂಗಳು ಬಂದ ಅಂಕಿ ಒಂದಕ್ಕೊಂದು ಸೇರಲೇ ಇಲ್ಲ, ಏಕೆಂದರೆ ಸಡಿಲ ತುಂಬಿದರೆ ಒಂದು, ಗಟ್ಟಿ ತುಂಬಿದರೆ ಇನ್ನೊಂದು. ಪ್ರತಿ ಸಲ ಒಂದೇ ಹದಕ್ಕೆ ತುಂಬೋ ದಾರಿ ಕೊನೆಗೆ ಸಿಕ್ಕಿತು. ಅದು ಸದ್ಯ ನನ್ನ ಹತ್ತಿರವೇ ಇರಲಿ, ಮಿಲ್ಲಿನವರ ಜೊತೆ ಮಾತು ನಡೆಯುತ್ತಿದೆ. ಶೇಕಡಾ ಒಂದೂವರೆ ಆಚೀಚೆ ಸರಿಯಾಗಿ ಹೇಳುತ್ತಿತ್ತು. ತಳಿ ಬದಲಾದರೆ ಮಾತ್ರ ಮತ್ತೆ ಹೊಂದಿಸಬೇಕು. ಡೆಲ್ಫ್ಟ್‌ನ ಇಂಟರ್‌ವ್ಯೂನಲ್ಲಿ ಮುಕ್ಕಾಲು ಭಾಗ ಕೇಳಿದ್ದು ಈ ಲೋಟದ ಬಗ್ಗೆಯೇ. ಅಲ್ಲಿ ಪಿಎಚ್‌ಡಿ ಅಂದರೆ ಸಂಬಳದ ಕೆಲಸ. ಕೋಚಿಂಗ್ ಸಾಲಕ್ಕಿಂತ ಜಾಸ್ತಿ ಹಣ ಮೊದಲ ವರ್ಷವೇ ಅಪ್ಪನಿಗೆ ಕಳಿಸಿದೆ.

ಜೂನ್‌ನಲ್ಲಿ ಮಾವನ ಮಗನ ಜೊತೆ ಎರಡು ಕಾಲೇಜು ಸುತ್ತಿದೆ. ಒಂದರಲ್ಲಿ ಅವನು ಪ್ರಶ್ನೆ ಕೇಳಿದ್ದೇ ತಡ, ಅಟೆಂಡರ್ ಸೊಂಟದ ಗೊಂಚಲು ತಟ್ಟಿ ತೋರಿಸಿ "ಎಲ್ಲಾ ನನ್ನ ಹತ್ರಾನೇ" ಅಂದರು. ಇನ್ನೊಂದರಲ್ಲಿ ಸಹಿ ಹಾಕೋ ರಿಜಿಸ್ಟರ್ ಇತ್ತು, ಎರಡನೇ ವರ್ಷದವರ ಹೆಸರುಗಳು, ರಾತ್ರಿ ಒಂಬತ್ತು, ಹತ್ತರ ಟೈಮು. ಅವನು ಅದರ ಫೋಟೋ ತೆಗೆದುಕೊಂಡ. ಮನೆಗೆ ಬಂದು ತೋರಿಸಿದಾಗ ಮಾವ ಏನೂ ಹೇಳದೆ ಅಪ್ಪನ ಹತ್ತಿರ ಆ ಕೆಂಪು ರಟ್ಟಿನ ಪುಸ್ತಕ ಕೇಳಿ ತಗೊಂಡರು.